ಕೊಪ್ಪರಿಗೆಯ ಮುಂದೆ ನಮ್ಮತ್ತೆ

ನಮ್ಮತ್ತೆಯ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಬಸ್ಸಿನಲ್ಲಿ ಕೂತಿರಲಿ, ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುತ್ತಿರಲಿ, ಮಾವ ಬೈಯುವುದನ್ನು ಕೇಳಿಸಿಕೊಳ್ಳುತ್ತಿರಲಿ, ಆ ಎರಡು ಬೆರಳುಗಳು ಒಂದನ್ನೊಂದು ಮೆಲ್ಲಗೆ ಉಜ್ಜಿ, ಸ್ವಲ್ಪ ಅಗಲವಾಗಿ, ನಡುವೆ ಎಳೆ ಬರುತ್ತದೆಯೇ ಎಂದು ನೋಡುವಂತೆ ಒಂದು ಗಳಿಗೆ ನಿಂತು, ಮತ್ತೆ ಸೇರುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ನರದ ಕಾಯಿಲೆ ಎಂದೇ ತಿಳಿದಿದ್ದೆ. ಸೈನ್ಸ್ ಟೀಚರ್ ಅಲ್ಲವೇ, ಎಲ್ಲದಕ್ಕೂ ನನ್ನ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು. "ನಿಮ್ಮವ್ವನ್ನ ಒಂದ್ಸಲ ಮಂಡ್ಯಕ್ಕೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸಿ" ಎಂದು ಗಂಡನಿಗೂ ಹೇಳಿದ್ದೆ. ಅವರು ಪೇಪರಿನಿಂದ ತಲೆಯೆತ್ತದೆ, "ನಾನು ಚಿಕ್ಕೋನಾಗಿದ್ದಾಗ್ಲಿಂದ್ಲೂ ಅದು ಹಂಗೇಯ" ಎಂದರು. ತಾಯಿಯ ವಿಷಯದಲ್ಲಿ ಗಂಡುಮಕ್ಕಳಿಗೆ ಎಲ್ಲವೂ ಹಂಗೇಯ.

ಕೊತ್ತತ್ತಿ ಪಕ್ಕದ ನಮ್ಮ ಊರಿನ ಆ ಮನೆಯಲ್ಲಿ ಆಗ ಇದ್ದದ್ದು ಅತ್ತೆ, ಮಾವ, ನನ್ನ ಗಂಡ, ನಾನು, ಹಿತ್ತಿಲಲ್ಲಿ ಎರಡು ಸೀಮೆಹಸು. ಇಷ್ಟೂ ಜೀವಗಳು ಬೆಳಗಾದರೆ ಕೂಗುತ್ತಿದ್ದದ್ದು ಅತ್ತೆಯೊಬ್ಬರನ್ನೇ. ಹಸುಗಳು ಅಂಬಾ ಎನ್ನುತ್ತಿದ್ದವು, ಮಾವ "ಎಲ್ಲೋದ್ಲು ಇವ್ಳು" ಎನ್ನುತ್ತಿದ್ದರು, ನನ್ನ ಗಂಡ "ಅವ್ವೋ, ಟವಲ್ಲು" ಎನ್ನುತ್ತಿದ್ದರು. ಮದುವೆಯಾಗಿ ಹೋಗಿದ್ದ ಇಬ್ಬರು ನಾದಿನಿಯರು ತಮ್ಮ ಮಕ್ಕಳ ನೆಗಡಿ, ಕೆಮ್ಮು, ಭೇದಿಗಳನ್ನೆಲ್ಲ ಫೋನಿನಲ್ಲಿ ಇವರಿಗೇ ಒಪ್ಪಿಸುತ್ತಿದ್ದರು. ನಾನೇನೂ ಕಮ್ಮಿಯಿರಲಿಲ್ಲ. ಮದ್ದೂರಿನ ಹೈಸ್ಕೂಲಿಗೆ ಹೋಗಲು ಮಂಡ್ಯದಲ್ಲಿ ರೈಲು ಹಿಡಿಯಬೇಕಾದವಳು, ಜಡೆ ಹೆಣೆದುಕೊಳ್ಳುತ್ತಲೇ "ಅತ್ತೆ, ಡಬ್ಬಿ ಆಯ್ತಾ?" ಎಂದು ರಾಗ ತೆಗೆಯುತ್ತಿದ್ದೆ. ಮಾವನದು ಇನ್ನೊಂದು ಕಟ್ಟಳೆ. ಮಧ್ಯಾಹ್ನ ಹನ್ನೆರಡೂವರೆಗೆ ಅವರು ತಟ್ಟೆಯ ಮುಂದೆ ಕೂತರೆ ಮುದ್ದೆ ಆಗ ತಾನೇ ಒಲೆಯಿಂದ ಇಳಿದಿರಬೇಕು, ಮುರಿದರೆ ಬೆರಳು ಸುಡಬೇಕು. ಸುಡಲಿಲ್ಲವೆಂದರೆ ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದರು. ಅದಕ್ಕೋಸ್ಕರ ಅತ್ತೆ ಗದ್ದೆಯಲ್ಲಿ ಯಾವ ಕೆಲಸ ಹಿಡಿದಿದ್ದರೂ ಹನ್ನೊಂದೂವರೆಗೆ ಬಿಟ್ಟು ಓಡಿ ಬರುತ್ತಿದ್ದರು.

ಒಂದು ಭಾನುವಾರ ಎಲ್ಲಿ ಹುಡುಕಿದರೂ ಅತ್ತೆ ಇಲ್ಲ. ಹಿತ್ತಿಲ ತುದಿಗೆ ಹೋಗಿ ನೋಡಿದರೆ ಹುಲ್ಲಿನ ಮೆದೆಯ ಹಿಂದೆ, ಗೋಡೆಗೂ ಮೆದೆಗೂ ನಡುವಿನ ಸಂದಿಯಲ್ಲಿ, ಕಾಲು ನೀಡಿಕೊಂಡು ಕೂತಿದ್ದಾರೆ.

"ಯಾಕತ್ತೆ ಇಲ್ಲಿ ಕೂತಿದ್ದೀರಿ? ಹುಷಾರಿಲ್ವಾ?"

"ಏನಿಲ್ಲ ಕಣಮ್ಮಿ. ಯಾರೂ ಕರೀದಿರೋ ಜಾಗ ಎಲ್ಲದೆ ಅಂತ ಹುಡಿಕ್ತಿದ್ದೆ. ಇಲ್ಲಿಗೂ ನೀನು ಬಂದೆ."

ನಗುತ್ತಲೇ ಹೇಳಿದರು. ಕಣ್ಣು ಮಾತ್ರ ಕೆಂಪಗಿತ್ತು. ನಾನು ಆ ಕಣ್ಣಿಗೂ ಹುಲ್ಲಿನ ಧೂಳು ಎಂದು ಒಂದು ಕಾರಣ ಕೊಟ್ಟುಕೊಂಡು, ಮಾವ ಕಾಫಿಗೆ ಕಾಯುತ್ತಿದ್ದಾರೆಂದು ತಿಳಿಸಿ ಒಳಗೆ ಬಂದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಊರಾಚೆ ನಾಲೆಯ ದಂಡೆಗೆ ಒಂದು ಆಲೆಮನೆ. ಅದರ ಯಜಮಾನರು ಮಾವನಿಗೆ ದೂರದ ವರಸೆಯಲ್ಲಿ ಅಣ್ಣ, ಅತ್ತೆಗೆ ಭಾವ. ಊರಿನ ಅರ್ಧ ಕಬ್ಬು ಅಲ್ಲೇ ಬೆಲ್ಲವಾಗುತ್ತಿತ್ತು. ಗಾಣದಿಂದ ಬಂದ ಕಬ್ಬಿನ ಹಾಲು ಒಂದು ತೊಟ್ಟಿಗೆ ಬಿದ್ದು, ಅಲ್ಲಿಂದ ದೊಡ್ಡ ಕೊಪ್ಪರಿಗೆಗೆ ಹೋಗಿ ಕುದಿಯುತ್ತದೆ. ಅದು ಬೆಲ್ಲವಾಗುವ ಗಳಿಗೆಯನ್ನು ಗೊತ್ತುಮಾಡಿ "ಇಳಿಸಿ" ಎನ್ನುವ ಹಕ್ಕು ಇರುವುದು ಪಾಕ ನೋಡುವವನೊಬ್ಬನಿಗೆ. ಮುಂಚೆ ಇಳಿಸಿದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ, ತಡವಾದರೆ ಸೀದು ಕರ್ರಗಾಗುತ್ತದೆ. ಅಲ್ಲಿ ಒಲೆಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುವ ಕೆಲಸಕ್ಕೆ ಹೆಂಗಸರಿದ್ದರು. ಅಚ್ಚು ತೊಳೆಯುವುದಕ್ಕೂ ಹೆಂಗಸರಿದ್ದರು. ಕೊಪ್ಪರಿಗೆಯ ಮುಂದೆ ಮಾತ್ರ ಗಂಡಸರೇ.

ನಮ್ಮ ಕಬ್ಬು ಅರೆಯುವ ದಿನ ಅತ್ತೆ ಕೆಲಸದವರಿಗೆ ಊಟ ಹೊತ್ತುಕೊಂಡು ಹೊರಟರು. ನಾನಾಗ ಏಳು ತಿಂಗಳ ಬಸುರಿ, ಬಿಸಿ ಬೆಲ್ಲ ತಿನ್ನುವ ಆಸೆಗೆ ಹಿಂದೆಯೇ ಹೋಗಿ ಒಂದು ಕಲ್ಲಿನ ಮೇಲೆ ಕೂತಿದ್ದೆ. ಕೊಪ್ಪರಿಗೆ ತುಂಬ ನಮ್ಮ ಹಾಲು ಉಕ್ಕಿ ಕುದಿಯುತ್ತಿತ್ತು. ಪಾಕ ನೋಡುತ್ತಿದ್ದ ಮುದುಕ, ಕುದಿಯುವ ಹಾಲಿನಿಂದ ತೆಗೆದು ನೆಲಕ್ಕೆ ಚೆಲ್ಲಿದ್ದ ಮಡ್ಡಿಯ ಮೇಲೆ ಕಾಲಿಟ್ಟು ಜಾರಿಬಿದ್ದು ಸೊಂಟ ಹಿಡಿದುಕೊಂಡರು. ಅವರನ್ನು ಆಟೋದಲ್ಲಿ ಕಳಿಸಿದ್ದಾಯಿತು. ಯಜಮಾನರು ತಲೆಯ ಮೇಲೆ ಕೈಹೊತ್ತು ಕೊಪ್ಪರಿಗೆಯನ್ನೂ ರಸ್ತೆಯನ್ನೂ ನೋಡುತ್ತಿದ್ದರು. ಯಾರಿಗೋ ಫೋನ್ ಮಾಡಿದರು, ಅವರು ಬರುವುದು ಒಂದು ಗಂಟೆಯಾಗುತ್ತದಂತೆ.

ಅತ್ತೆ ಊಟದ ಮಂಕರಿ ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಕೊಪ್ಪರಿಗೆಯ ಬಳಿ ಹೋಗಿ ಉದ್ದನೆ ಸೌಟು ಎತ್ತಿಕೊಂಡರು.

"ನಿಂಗೇನ್ ಗೊತ್ತವ್ವ ಪಾಕದ್ ವಿಷ್ಯ? ಈಚಿಗ್ ಬಾ, ಮೈಮೇಲ್ ಹಾರ್ತದೆ" ಎಂದರು ಯಜಮಾನರು.

"ನಮ್ಮಪ್ಪ ಪೂರಿಗಾಲೀಲಿ ನಲವತ್ತೊರ್ಸ ಪಾಕ ನೋಡಿದ್ದ ಬಾವ. ಅವ್ನ್ ಪಕ್ಕದಲ್ ನಿಂತ್ಕಂಡೇ ಬೆಳೆದೋಳು ನಾನು. ಒಸಿ ಎಲ್ರೂ ಬಾಯ್ ಮುಚ್ಕೊಳ್ಳಿ, ಸದ್ದು ಕೇಳ್ಬೇಕು."

ಊರಿನ ಗಂಡಸರಿಗೆ ಬಾಯಿ ಮುಚ್ಚಿಕೊಳ್ಳಿ ಎಂದು ನಮ್ಮತ್ತೆ ಹೇಳಿದ್ದನ್ನು ಕೇಳಿ ನಾನು ಕೂತ ಕಲ್ಲಿನಿಂದ ಎದ್ದು ನಿಂತೆ. ಅವರು ಕೊಪ್ಪರಿಗೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಒಂದು ಕಿವಿ ಅತ್ತ ಕೊಟ್ಟು ನಿಂತಿದ್ದರು. ಮೊದಲು ಮಳೆ ಹುಯ್ದಂತಿದ್ದ ಸದ್ದು ಬರುಬರುತ್ತ ಭಾರವಾಗಿ, ಎಮ್ಮೆ ಕೆಸರಿನಲ್ಲಿ ಕಾಲೆತ್ತಿಟ್ಟ ಹಾಗೆ ತೊಪ್ ತೊಪ್ ಎನ್ನತೊಡಗಿತು. ಆಗ ತಿರುಗಿ ಸೌಟಿನ ತುದಿಯಿಂದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ಅಗಲಿಸಿದರು. ಸಣ್ಣದೊಂದು ಎಳೆ ಬಂತು.

"ರಚ್ಚು ನಿಲ್ಸಿ. ಇಳ್ಸಿ ಈಗ."

ಆ ದಿನದ ಬೆಲ್ಲ ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಬಸುರಿಯ ಬಾಯಿಗೆ ಎಲ್ಲವೂ ರುಚಿ ಎಂದುಕೊಳ್ಳಬಹುದು, ಆದರೆ ಯಜಮಾನರೂ ಒಂದು ಅಚ್ಚನ್ನು ಮುರಿದು, ಬೆಳಕಿಗೆ ಹಿಡಿದು ನೋಡಿ, ನಿಂತಲ್ಲೇ ಅರ್ಧ ತಿಂದರು. ದಾರಿಯಲ್ಲಿ ಬರುತ್ತ ನಾನು ಕೇಳಿದೆ, "ಅಲ್ಲ ಅತ್ತೆ, ಮೂವತ್ತು ವರ್ಷದಿಂದ ಈ ವಿದ್ಯೆ ಇಟ್ಕೊಂಡು ಒಂದಿನವೂ ಹೇಳ್ಲಿಲ್ವಲ್ಲ?"

"ಯಾರ್ ಕೇಳುದ್ರು?" ಎಂದರು.

ಆಗ ಆ ಬೆರಳುಗಳ ಕಡೆ ನೋಡಿದೆ. ಹದಿನೆಂಟಕ್ಕೆ ಮದುವೆಯಾಗಿ ಬಂದಂದಿನಿಂದ ಅವು ಇಲ್ಲದ ಪಾಕವನ್ನು ನೋಡುತ್ತಲೇ ಇದ್ದವು. ನಾನು ಅದಕ್ಕೆ ಡಾಕ್ಟರನ್ನು ಹುಡುಕಿದ್ದೆ.

ಹೆರಿಗೆಗೆಂದು ನಾನು ಆತಗೂರಿನ ತವರಿಗೆ ಹೋದೆ. ಮಗಳನ್ನು ಎತ್ತಿಕೊಂಡು ಐದು ತಿಂಗಳ ಮೇಲೆ ವಾಪಸು ಬರುವಷ್ಟರಲ್ಲಿ ಮನೆ ತಲೆಕೆಳಗಾಗಿತ್ತು. ಮುದುಕನ ಸೊಂಟ ವಾಸಿಯಾಗಿರಲಿಲ್ಲ. ಯಜಮಾನರು ಮೊದಲು ಎರಡು ದಿನಕ್ಕೆಂದು ಅತ್ತೆಯನ್ನು ಕರೆದಿದ್ದರು, ಆಮೇಲೆ ಇನ್ನೊಂದು ವಾರ ಎಂದಿದ್ದರು, ಆಮೇಲೆ ಲೆಕ್ಕ ಬಿಟ್ಟಿದ್ದರು. ಅತ್ತೆ ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದರು. ಮಾವ ತಣ್ಣನೆ ಮುದ್ದೆ ತಿಂದು ಊರೆಲ್ಲ ದೂರು ಹೇಳುತ್ತಿದ್ದರು. ಅತ್ತೆಯ ಮೈಯಿಂದ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು, ಮುಂಗೈ ಮೇಲೆ ಪಾಕ ಸಿಡಿದ ಬೊಬ್ಬೆಗಳಿದ್ದವು, ನಡಿಗೆ ಬದಲಾಗಿತ್ತು. ಮಾತೂ ಬದಲಾಗಿತ್ತು. ನಾನೂ ನನ್ನ ಗಂಡನೂ ಜಗಳವಾಡಿದರೆ ಮೊದಲು ನಡುವೆ ಬಂದು ಸಮಾಧಾನ ಮಾಡುತ್ತಿದ್ದವರು, ಈಗ "ಇನ್ನೂ ನೀರೈತೆ, ಕುದೀಲಿ ಬುಡು" ಎಂದು ನಕ್ಕು ಹೊರಟುಬಿಡುತ್ತಿದ್ದರು.

ನನಗೆ ಖುಷಿಯಾಗಬೇಕಿತ್ತು. ಪ್ರತಿ ಮಹಿಳಾ ದಿನಾಚರಣೆಗೆ ಶಾಲೆಯಲ್ಲಿ ಮೈಕು ಹಿಡಿದು ಹೆಣ್ಣು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದು ಭಾಷಣ ಬಿಗಿಯುವವಳು ನಾನೇ. ಆದರೆ ನನ್ನ ಲೆಕ್ಕಾಚಾರವೇ ಬೇರೆ ಇತ್ತು. ರಜೆ ಮುಗಿಯುತ್ತ ಬಂದಿತ್ತು, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೋಗುವುದೆಂದು ನಾನೊಬ್ಬಳೇ ತೀರ್ಮಾನ ಮಾಡಿಕೊಂಡಿದ್ದೆ.

"ಅತ್ತೆ, ಸೋಮ್ವಾರದಿಂದ ಸ್ಕೂಲಿಗೋಗ್ಬೇಕು. ಪಾಪುನ ನಿಮ್ ತಾವ ಬಿಟ್ಟೋಗ್ತೀನಿ."

"ಎಲ್ಡು ಗಂಟೆ ಮ್ಯಾಲೆ ಬುಡು, ರಾಣಿಯಂಗೆ ನೋಡ್ಕತೀನಿ. ಬೆಳಿಗ್ಗೆ ನಾನಿರಕಿಲ್ಲ."

"ಬೆಳಿಗ್ಗೆ ಮತ್ತೆ ಯಾರು ನೋಡ್ಕೊಳ್ಳೋದು?"

"ನಿನ್ ಗಂಡ ಅವ್ನೆ, ನಿಮ್ಮಾವ ಅವ್ರೆ, ನೀನಿದ್ದೀಯೆ. ಮಗಿಗೆ ಮೂರ್ ಜನ ಅವ್ರೆ. ಪಾಕಕ್ಕೆ ಯಾರವ್ರಮ್ಮಿ? ನಾನೊಬ್ಳೇಯ. ಮೂರು ಮಕ್ಳ ಸಾಕಿವ್ನಿ, ನಿಮ್ಮಾವುನ್ನೂ ಸೇರ್ಸುದ್ರೆ ನಾಕು. ಸಾಕು."

ಬೇಸರದಿಂದ ಹೇಳಿದ್ದಲ್ಲ. ಮಗುವಿನ ಕೆನ್ನೆ ಹಿಂಡುತ್ತಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆ ತಿಂಗಳೆಲ್ಲ ಮಗುವನ್ನು ಬೆಳಿಗ್ಗೆ ಪಕ್ಕದ ಮನೆಯವರಿಗೂ ಮಾವನಿಗೂ ಹಂಚಿ, ರೈಲು ತಪ್ಪಿಸಿಕೊಂಡು, ಹೆಡ್‌ಮಾಸ್ಟರ ಕೈಲಿ ಅನ್ನಿಸಿಕೊಂಡು, ರಾತ್ರಿ ನೋಟ್ಸ್ ಬರೆಯುತ್ತ ನಿದ್ದೆಗೆಟ್ಟು ಒದ್ದಾಡಿದೆ. ಒದ್ದಾಡಿದಷ್ಟೂ ಮನಸ್ಸಿನಲ್ಲಿ ಅತ್ತೆಯನ್ನು ಬೈದುಕೊಂಡೆ. ಈ ವಯಸ್ಸಿನಲ್ಲಿ ಇವರಿಗೇಕೆ ಬೇಕಿತ್ತು ಇದು ಎಂದು ತವರಿಗೆ ಫೋನ್ ಮಾಡಿಯೂ ಹೇಳಿದೆ.

ಹಾಗಿರುವಾಗ ಒಂದು ಭಾನುವಾರ ನನ್ನ ಶಾಲೆಯ ಇಬ್ಬರು ಟೀಚರುಗಳು ಮಕ್ಕಳನ್ನು ಕರೆದುಕೊಂಡು ಆಲೆಮನೆ ನೋಡಲು ಬಂದರು. ಯಜಮಾನರು ಒಂದು ಬಿಂದಿಗೆ ತುಂಬ ಕಬ್ಬಿನ ಹಾಲು ಹಿಡಿಸಿಕೊಟ್ಟರು. ಬಂದವರಿಗೆ ಬರಿಯ ಹಾಲು ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ನಾನು ಮನೆಯಿಂದ ತಂದಿದ್ದ ಹನ್ನೆರಡು ನಿಂಬೆಹಣ್ಣನ್ನೂ ಅದಕ್ಕೆ ಹಿಂಡಿ, ಲೋಟ ಲೋಟ ಹಂಚಿದೆ. ಎಲ್ಲರೂ ಕುಡಿದ ಮೇಲೂ ಮುಕ್ಕಾಲು ಬಿಂದಿಗೆ ಉಳಿಯಿತು. ಯಾರದೋ ಕಷ್ಟದ ಕಬ್ಬು, ಚೆಲ್ಲುವುದೇಕೆ ಎಂದು ಅದನ್ನು ಗಾಣದ ಪಕ್ಕದ ತೊಟ್ಟಿಗೆ ಸುರಿದುಬಿಟ್ಟೆ. ಯಾರೂ ನೋಡಲಿಲ್ಲ. ಅತ್ತೆ ಆಚೆ ಬದಿಯಲ್ಲಿ ಮಕ್ಕಳಿಗೆ ಬಿಸಿ ಬೆಲ್ಲ ತೆಗೆದುಕೊಡುತ್ತಿದ್ದರು.

ಎಂಟನೇ ಕ್ಲಾಸಿಗೆ ಆಮ್ಲ, ಪ್ರತ್ಯಾಮ್ಲ ಪಾಠ ಮಾಡುವವಳು ನಾನು. ಆಲೆಮನೆಯ ಸುತ್ತಮುತ್ತ ಯಾರೂ ನಿಂಬೆ, ಹುಣಸೆ ತರುವುದಿಲ್ಲ, ಕಬ್ಬಿನ ಹಾಲಿಗೆ ಹುಳಿ ಬಿದ್ದರೆ ಬೆಲ್ಲ ಕಟ್ಟುವುದಿಲ್ಲ ಎಂಬುದು ಅಲ್ಲಿ ರಚ್ಚು ಹಾಕುವವರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಆ ತೊಟ್ಟಿಯ ಹಾಲು ಆಮೇಲಿನ ಕೊಪ್ಪರಿಗೆಗೆ ಹೋಯಿತು. ಸಂಜೆಯಾದರೂ ಅಚ್ಚಿನೊಳಗಿನ ಬೆಲ್ಲ ಹಲ್ವದಂತೆ ಮೆತ್ತಗೆ ಕೂತಿತ್ತು. ಕಬ್ಬಿನವನು ಬಂದು ಕೂಗಾಡಿದ. ಬೆಲ್ಲ ಕಟ್ಟದ್ದನ್ನು ಕಂಡು ಅಂದು ಮನೆಗೆ ಬರದೆ ಅಲ್ಲೇ ಉಳಿದಿದ್ದ ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಪಾಕ ತೆಪ್ಪಿಲ್ಲ, ಹಾಲ್ಗೆ ಏನೋ ಹುಳಿ ಬಿದ್ದದೆ" ಎಂದರು. ಕೇಳುವವರು ಯಾರು? "ಹೆಂಗಸ್ರ ಕೈಗೆ ಸೌಟು ಮನೇಲಿ ಕೊಡ್ಬೇಕು, ಇಲ್ಲಲ್ಲ" ಎಂದು ಒಬ್ಬ ಅಂದ. ಯಜಮಾನರು ನೆಲ ನೋಡುತ್ತ, "ನಾಳಿಂದ ಒಸಿ ದಿನ ಮನೇಲೇ ಇರವ್ವ. ಮಳವಳ್ಳಿ ಕಡೆಯವ್ನೊಬ್ಬ ಬತ್ತೀನಿ ಅಂದವ್ನೆ" ಎಂದರಂತೆ. ಅತ್ತೆ ಸೌಟು ತೊಳೆದಿಟ್ಟು ಮನೆಗೆ ಬಂದರು. ಬಂದವರು ನೇರ ಅಡುಗೆಮನೆಗೆ ಹೋಗಿ ರಾಗಿಹಿಟ್ಟಿನ ಡಬ್ಬ ತೆಗೆದರು.

ನಡೆದದ್ದನ್ನು ಗಂಡನ ಬಾಯಿಂದ ಕೇಳಿದಾಗ "ಹುಳಿ" ಎಂಬ ಮಾತಿಗೆ ನಾನು ಹಿಂಡಿದ ನಿಂಬೆಹಣ್ಣು ನೆನಪಾಯಿತು. ಎಲ್ಲವೂ ಆ ಕ್ಷಣವೇ ಗೊತ್ತಾಯಿತು. ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ.

ಮಾರನೆಯ ದಿನ ಸೋಮವಾರ. ನಾನು ಏಳುವ ಹೊತ್ತಿಗೆ ಮಗುವಿನ ಬಟ್ಟೆ ಒಗೆದು ಹರವಿತ್ತು, ನೀರು ಕಾದಿತ್ತು, ಡಬ್ಬಿ ಸಿದ್ಧವಾಗಿತ್ತು. ರೈಲಿಗೆ ಹತ್ತು ನಿಮಿಷ ಮುಂಚೆಯೇ ಸ್ಟೇಷನ್ ಸೇರಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮಂಗಳವಾರವೂ ಹಾಗೆಯೇ. ರಾತ್ರಿ ಮಾವ ಬೆರಳು ಸುಟ್ಟುಕೊಂಡು ಮುದ್ದೆ ತಿಂದು ತೇಗಿ, "ಈಗ ಮನೆ ಮನೆಯಂಗಾಯ್ತು" ಎಂದರು. ನಾನೂ ಒಳಗೊಳಗೆ ಹೌದೆಂದೆ. ಅವರಿಗೂ ವಯಸ್ಸಾಯಿತು, ಬಿಸಿಯಲ್ಲಿ ಎಷ್ಟು ದಿನ ನಿಲ್ಲುತ್ತಾರೆ, ಇದು ಅವರಿಗೇ ಒಳ್ಳೆಯದು ಎಂದು ಕಾರಣಗಳನ್ನು ಜೋಡಿಸುತ್ತ ಹೋದೆ. ಕಾರಣ ಹುಡುಕುವುದರಲ್ಲಿ ನಾನು ಪಳಗಿದ ಕೈ ಎಂದು ಆಗಲೇ ಹೇಳಿದೆನಲ್ಲ. ಹೀಗೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಬುಧವಾರ ಸಂಜೆ ಸ್ಕೂಲಿನಿಂದ ಬಂದರೆ ಮನೆಯಲ್ಲಿ ಅತ್ತೆಯೂ ಇಲ್ಲ, ಮಗುವೂ ಇಲ್ಲ. ಹಿತ್ತಿಲಿಗೆ ಹೋದೆ. ಮೆದೆಯ ಹಿಂದೆ ಅದೇ ಸಂದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಮಗು ಮಲಗಿತ್ತು. ಬೆರಳುಗಳು ನಿಂತಿದ್ದವು. ಅವು ಅಲ್ಲಾಡದೆ ಮಗುವಿನ ಬೆನ್ನ ಮೇಲೆ ಸುಮ್ಮನೆ ಬಿದ್ದಿದ್ದವು, ಅದನ್ನು ನಾನು ಮೊದಲ ಸಲ ಕಂಡದ್ದು ಅಂದು.

"ಒಳಿಕ್ ಬನ್ನಿ ಅತ್ತೆ, ಕತ್ತಲಾಗ್ತದೆ."

"ಬತ್ತೀನಿ" ಎಂದರು. ಆದರೆ ಏಳಲಿಲ್ಲ. "ಅಮ್ಮಿ, ಒಂದ್ ಮಾತ್ ಕೇಳ್ತೀನಿ. ನಂಗೊತ್ತು, ಪಾಕ ತೆಪ್ಪಿಲ್ಲ. ಸದ್ದು ಸರ್ಯಾಗಿತ್ತು, ಎಳೆ ಸರ್ಯಾಗಿತ್ತು. ಆದ್ರೂ ಮೂರ್ ದಿನದಿಂದ ನೆನ್ಸ್ಕೊಂಡು ನೆನ್ಸ್ಕೊಂಡು ನಂಗೇ ಅನ್ಮಾನ ಸುರುವಾಗದೆ. ನಮ್ಮಪ್ಪ ಕೊಟ್ಟಿದ್ದು ಅದೊಂದೇಯ. ಅದೂ ಸುಳ್ಳಾ ಅಂತ."

ಕೆಲಸ ಹೋದದ್ದಕ್ಕೆ ಅವರು ಅಳಲಿಲ್ಲ, ಊರು ಆಡಿಕೊಂಡದ್ದಕ್ಕೂ ಅಳಲಿಲ್ಲ. ತಮ್ಮ ಕಿವಿಯ ಮೇಲೆ, ತಮ್ಮ ಬೆರಳಿನ ಮೇಲೆ ತಮಗೇ ನಂಬಿಕೆ ಹೋಗುತ್ತಿದೆಯಲ್ಲ ಎಂದು ಅಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಬಿಂದಿಗೆ, ನಿಂಬೆಹಣ್ಣು, ತೊಟ್ಟಿ. ಮೂರು ದಿನ ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದ್ದು, "ಎಷ್ಟು ಹಣ್ಣು ಹಿಂಡಿದ್ದೆ?"

"ಹನ್ನೆರಡು."

"ಅಯ್ಯೋ ನಿನ್ ಮನೆ ಕಾಯ್ವೋಗ! ಆಗ್ಲೇ ಒಂದ್ ಕೂಗು ಹಾಕಿದ್ರೆ ಒಂದ್ ಹಿಡಿ ಸುಣ್ಣ ಜಾಸ್ತಿ ಬಿಟ್ಟು ಸರಿ ಮಾಡ್ತಿದ್ನಲ್ಲಮ್ಮಿ!"

ಕಬ್ಬಿನ ಹಾಲಿನ ಹುಳಿ ಮುರಿಯಲು ಕೊಪ್ಪರಿಗೆಗೆ ಸುಣ್ಣ ಬಿಡುತ್ತಾರೆ. ಹನ್ನೆರಡು ಹಣ್ಣಿನ ಹುಳಿಗೆ ಎಷ್ಟು ಸುಣ್ಣ ಬೇಕೆಂದು ಅವರ ತಲೆ ಆಗಲೇ ಲೆಕ್ಕ ಹಾಕಿತ್ತು. ಮುಖಕ್ಕೆ ಬಣ್ಣ ಬಂತು. ಎದ್ದು ನಿಂತು ಮಗುವನ್ನು ನನ್ನ ಕೈಗೆ ಕೊಟ್ಟರು. ನಾನು ಅವರ ಕಾಲು ಹಿಡಿಯಲು ಬಾಗಿದರೆ ಹಿಂದಕ್ಕೆ ಸರಿದರು.

"ನನ್ ತಾವ ಅತ್ರೆ ಏನ್ ಬಂತು? ಅಲ್ಲೋಗಿ ಹೇಳು. ಎಲ್ರೆದ್ರುಗೂ ಹೇಳು."

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಆಲೆಮನೆಗೆ ಹೋದೆ. ಅಷ್ಟು ಕಷ್ಟದ ನಡಿಗೆಯನ್ನು ನಾನು ಬೇರೆ ನಡೆದಿಲ್ಲ. ಯಜಮಾನರು, ಕೂಗಾಡಿದ್ದ ಕಬ್ಬಿನವನು, ಗಾಣದವರು, ರಚ್ಚು ಹಾಕುವವರು, ಮಳವಳ್ಳಿ ಕಡೆಯಿಂದ ಬಂದ ಹೊಸಬ, ಎಲ್ಲರ ಮುಂದೆ ನಿಂತು ಹೇಳಿದೆ. ಯಜಮಾನರು ಟವಲಿನಿಂದ ಮುಖ ಒರೆಸಿಕೊಂಡು ಕೇಳಿದರು, "ಟೀಚರಮ್ಮ, ಸ್ಕೂಲಲ್ಲಿ ನೀವು ಏನ್ ಪಾಠ ಮಾಡೋದು?"

"ಸೈನ್ಸು."

ಗಾಣ ನಿಂತಿತ್ತು. ಮೊದಲು ನಕ್ಕವಳು ಒಲೆಯ ಮುಂದಿನ ಹೆಣ್ಣುಮಗಳು, ಆಮೇಲೆ ಎಲ್ಲರೂ. ಇವತ್ತಿಗೂ ಆ ಊರಿನಲ್ಲಿ ನನ್ನನ್ನು ಕಂಡರೆ ನಿಂಬೆಹಣ್ಣಿನ ಟೀಚರ್ ಎನ್ನುವವರಿದ್ದಾರೆ. ಅನ್ನಲಿ, ನನಗೆ ಬೇಸರವಿಲ್ಲ.

ಅತ್ತೆ ಆದರೂ ಸುಲಭಕ್ಕೆ ಹೋಗಲಿಲ್ಲ. ನಾಳೆಯಿಂದ ಬರಬೇಕಂತೆ ಎಂದು ನಾನು ಓಡಿಬಂದು ಹೇಳಿದರೆ, "ಹೋಗು ಅಂದೋರು ಮನೆ ಬಾಗ್ಲಿಗೆ ಬಂದು ಬಾ ಅನ್ಲಿ" ಎಂದು ಅಕ್ಕಿ ಆರಿಸುತ್ತ ಕೂತರು. ಸಂಜೆ ಯಜಮಾನರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಮದುವೆಗೆ ಕರೆಯುವವರ ಹಾಗೆ ಹೊಸಿಲ ಬಳಿ ಬಂದು ನಿಂತರು. ನಮ್ಮ ಕಡೆ ಎಲೆ ಅಡಿಕೆ ಕೊಟ್ಟು ಕರೆದರೆ ಅದು ಮರ್ಯಾದೆಯ ಕರೆ. ಮಾವ ಅಭ್ಯಾಸದಂತೆ ಆ ತಟ್ಟೆಗೆ ಕೈ ನೀಡಿದರು. ಯಜಮಾನರು ತಟ್ಟೆಯನ್ನು ಪಕ್ಕಕ್ಕೆ ತಿರುಗಿಸಿ ಅತ್ತೆಯ ಕಡೆ ಹಿಡಿದರು. "ನಿಂಗಲ್ಲ ಕಣ್ಲಾ, ಪಾಕದವ್ಳಿಗೆ" ಎಂದರು. ಮಾವ ಕೈ ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು.

ಆಮೇಲೆ ಅತ್ತೆ ನಿಂಬೆಹಣ್ಣಿನ ಮಾತನ್ನು ಒಂದೇ ಸಲ ಎತ್ತಿದ್ದು. ಅಂದು ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು, "ನೀನ್ ಯಾಕ್ ಸುಮ್ಕಿದ್ದೆ ಅಂತ ನಂಗೊತ್ತು. ನಾನೂ ಸೊಸೆಯಾಗಿದ್ದೋಳೇಯ, ನಂಗೂ ಸಾಕಾಗಿತ್ತು. ಆದ್ರೆ ನಿನ್ ಹೊರೆ ಇಳ್ಸಕ್ಕೆ ಇನ್ನೊಬ್ಳ ತಲೆ ಹುಡುಕ್ಬ್ಯಾಡ. ಮನೇಲಿ ಗಂಡಸ್ರ ತಲೆನೂ ಅದೆ." ಗಂಡಸರ ತಲೆಗಳೆರಡೂ ಆಗ ತಟ್ಟೆಯ ಮೇಲೆ ಬಾಗಿದ್ದವು.

ಆ ವಾರವೇ ಮನೆಯಲ್ಲಿ ಹೊಸ ಏರ್ಪಾಡಾಯಿತು. ನನ್ನ ಗಂಡ ಬೆಳಿಗ್ಗೆ ಮಗುವಿನ ಸ್ನಾನ, ಬಟ್ಟೆ ನೋಡಿಕೊಂಡು ಹತ್ತಕ್ಕೆ ಆಫೀಸಿಗೆ ಹೊರಡುವುದು, ಹತ್ತರಿಂದ ಎರಡರವರೆಗೆ ಮಾವ. ಮಾವ ಮುದ್ದೆ ತೊಳಸುವುದನ್ನು ಕಲಿತದ್ದು ಹಾಗೆ. ಮೊದಲ ವಾರದ ಮುದ್ದೆಯಲ್ಲಿ ಬರೀ ಗಂಟು. ಮೂರನೆಯ ವಾರಕ್ಕೆ ತಿನ್ನುವ ಹಾಗಾಯಿತು. ಎರಡು ಗಂಟೆಗೆ ಆಲೆಮನೆಯಿಂದ ಬರುವ ಅತ್ತೆಗೆ ಅವರೇ ಬಡಿಸಿ, "ಬಿಸಿ ಅದಾ?" ಎಂದು ಕೇಳಿದ್ದನ್ನು ನಾನು ರಜೆಯ ದಿನ ಕಿವಿಯಾರೆ ಕೇಳಿದ್ದೇನೆ. ಅತ್ತೆ ಒಂದು ತುತ್ತು ಮುರಿದು, "ಒಸಿ ಆರದೆ, ಪರ್ವಾಗಿಲ್ಲ, ಉಣ್ತೀನಿ" ಎಂದು ದೊಡ್ಡ ಮನಸ್ಸು ಮಾಡಿದರು. ನನಗೂ ಅವರು ಒಂದು ಕಟ್ಟಳೆ ಹಾಕಿದರು. ಭಾನುವಾರ ಎರಡರಿಂದ ನಾಲ್ಕರವರೆಗೆ ನನ್ನನ್ನು ಯಾರೂ ಕರೆಯಬಾರದು. "ಮದ್ವೆಗ್ ಮುಂಚೆ ನಿಂದೂ ಏನೋ ಇದ್ದಿರ್ಬೇಕಲ್ಲ, ಅದ್ನ ಮಾಡು" ಎಂದರು. ಕಾಲೇಜಿನಲ್ಲಿ ನಾನು ಬರೆಯುತ್ತಿದ್ದೆ. ಬಿಟ್ಟು ಏಳು ವರ್ಷವಾಗಿತ್ತು. ಈಗ ನೀವು ಓದುತ್ತಿರುವುದೂ ಆ ಎರಡು ಗಂಟೆಗಳಲ್ಲೇ ಬರೆದದ್ದು.

ಎಂಟು ವರ್ಷ ಅತ್ತೆ ಕೊಪ್ಪರಿಗೆಯ ಮುಂದೆ ನಿಂತರು. ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳಿಂದಲೂ ಕರೆ ಬರುತ್ತಿತ್ತು. ಒಲೆಯ ಮುಂದೆ ನಕ್ಕಿದ್ದ ಆ ಹೆಣ್ಣುಮಗಳಿಗೆ ಕೆಲಸ ಕಲಿಸಿದರು. ಅತ್ತೆಗೆ ಎದೆನೋವು ಬಂದು ಡಾಕ್ಟರು ಮನೆಯಲ್ಲೇ ಇರಬೇಕೆಂದ ಮೇಲೂ ಆಕೆ ಫೋನನ್ನು ಕೊಪ್ಪರಿಗೆಯ ಬಳಿ ಹಿಡಿಯುತ್ತಿದ್ದಳು, ಇವರು ಮಂಚದ ಮೇಲೆ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇನ್ನೂ ನೀರೈತೆ... ತಡಿ... ತಡಿ... ಈಗ! ಇಳ್ಸಮ್ಮಿ!" ಆ ಹೊತ್ತಿನಲ್ಲಿ ಮಾವ ಟಿವಿ ಆರಿಸಿ, ಯಾರೂ ಮಾತಾಡದ ಹಾಗೆ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆ ಏಳಲಿಲ್ಲ.

ತಿಥಿ ಕಾರ್ಡು ಬರೆಯಲು ನನ್ನ ಗಂಡ ಜಗುಲಿಯ ಮೇಲೆ ಪೆನ್ನು ಹಿಡಿದು ಕೂತರು. ಎಲ್ಲರ ಕಾರ್ಡಿನಲ್ಲೂ ಇರುವಂತೆ ಹೆಸರಿನ ಕೆಳಗೆ ಇಂಥವರ ಧರ್ಮಪತ್ನಿ, ಇಂಥವರ ತಾಯಿ ಎಂದು ಬರೆದು ಗಟ್ಟಿಯಾಗಿ ಓದಿದರು. ಕಂಬಕ್ಕೆ ಒರಗಿದ್ದ ಮಾವ ತಲೆ ಎತ್ತಿ, "ಅವ್ಳ್ ಕೆಲ್ಸ ಹಾಕ್ನಿಲ್ವಲ್ಲ" ಎಂದರು. ಗಂಡ ಅದನ್ನೂ ಸೇರಿಸಿ ಮಂಡ್ಯದ ಪ್ರೆಸ್ಸಿಗೆ ಕಳಿಸಿದರು. ಮಧ್ಯಾಹ್ನ ಪ್ರೆಸ್ಸಿನವರ ಫೋನು ಬಂತು. ಹೆಂಗಸರ ಕಾರ್ಡಿನಲ್ಲಿ ಸರ್ಕಾರಿ ನೌಕರಿ ಇದ್ದರೆ ಮಾತ್ರ ಕೆಲಸ ಹಾಕುವುದು, ಈ ಸಾಲು ಬೇಕೇ ಬೇಕಾ ಎಂದು ಕೇಳಿದರು. ಗಂಡ ತಡವರಿಸುತ್ತಿದ್ದರು. ಮಾವ ಫೋನು ಕಿತ್ತುಕೊಂಡರು.

"ಬೇಕು. ಹೆಸ್ರು ಆದ್ಮೇಲೆ ಮೊದಲ್ನೇ ಸಾಲು ಅದೇಯ. ನಂದು ಕೆಳಗಿದ್ರೂ ಆಯ್ತದೆ."

ಕಾರ್ಡು ಹಾಗೆಯೇ ಬಂತು. ಅತ್ತೆಯ ಹೆಸರು, ಅದರ ಕೆಳಗೆ "ಆಲೆಮನೆ ಪಾಕದವರು", ಅದರ ಕೆಳಗೆ ನಾವೆಲ್ಲ. ಮೊದಲನೆಯ ಕಾರ್ಡನ್ನು ಮಾವ ನನ್ನ ಕೈಗೆ ಕೊಟ್ಟು, ಕಣ್ಣು ಕಾಣುವುದಿಲ್ಲ, ಓದಮ್ಮ ಎಂದರು. ನಾನು ಹೆಸರು ಓದಿದೆ, ಎರಡನೆಯ ಸಾಲನ್ನು ಎರಡು ಸಲ ಓದಿದೆ. ಅಂದು ನಿಂಬೆಹಣ್ಣಿನ ವಿಷಯದಲ್ಲಿ ನಾಲ್ಕನೆಯ ದಿನವೂ ನಾನು ಸುಮ್ಮನಿದ್ದುಬಿಟ್ಟಿದ್ದರೆ ಆ ಸಾಲು ಅಲ್ಲಿ ಇರುತ್ತಿರಲಿಲ್ಲ.